ದಿಟ್ಟಿಸದೆ ಕೂತು ಕೇಳಿಸಿಕೊಂಡವರು

ಮಕ್ಕಳ ಮಾತಿನ ಚಿಕಿತ್ಸೆಯಲ್ಲಿ ಮೂವತ್ತೊಂದು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಮೇಡಂ ಅವರು, ಈ ಕ್ಷೇತ್ರದಲ್ಲಿ ತಾವು ಬರೆದ ವರದಿ ತಪ್ಪೆಂದು ತಾವೇ ಬರೆದು ಸಹಿ ಹಾಕಿದವರೆಂದು ಹೆಸರಾದವರು. ಹೊಗಳಿಕೆ ಅವರಿಗೆ ಆಗಿಬರುವುದಿಲ್ಲ. ಆದ್ದರಿಂದ ಅವರು ಎಡವಿದ ಕಥೆಯನ್ನೇ ಹೇಳುವುದು ಕ್ಷೇಮ.

ಈ ವೃತ್ತಿಗೆ ಬರುವ ಮುನ್ನ ಆರು ವರ್ಷ ಅವರು ಕಾಡಿನಲ್ಲಿ ಕೋತಿಗಳ ಹಿಂಡೊಂದನ್ನು ಅಧ್ಯಯನ ಮಾಡಿದ್ದರು. ದಿನವೂ ಅದೇ ಮಾಸಲು ಅಂಗಿ, ಅದೇ ಬಂಡೆ. ತಿನ್ನಲು ಏನನ್ನೂ ಕೊಡುವಂತಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡುವಂತಿಲ್ಲ. ಕೋತಿಯ ಪಾಲಿಗೆ ದಿಟ್ಟಿಸುವುದೆಂದರೆ ಕಾಲು ಕೆರೆದು ಜಗಳಕ್ಕೆ ಬಂದಂತೆ. ಮೊಣಕಾಲು ಕೈಕೊಟ್ಟ ಮೇಲೆ ಕಾಡು ಬಿಟ್ಟು ಮಾತಿನ ಚಿಕಿತ್ಸೆ ಕಲಿತರು. ಹೊಸ ವಿದ್ಯೆ ಹೇಳಿಕೊಟ್ಟದ್ದು ತದ್ವಿರುದ್ಧ: ಎದುರು ಕೂರು, ಮುಖ ನೋಡು, ತುಟಿ ತೋರಿಸು, ಹೇಳಿಸು. ಹಳೆಯದನ್ನು ಗಂಟುಕಟ್ಟಿ ಅಟ್ಟಕ್ಕೆ ಹಾಕಿದರು. ಕಿರಿಯರಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟು, ಮಕ್ಕಳ ಕುಳ್ಳ ಸ್ಟೂಲಿನ ಮೇಲೆ ಮಂಡಿ ನೋವು ನುಂಗಿಕೊಂಡು ಕೂತು ಹದಿನೆಂಟು ವರ್ಷ ದುಡಿದರು.

ಹತ್ತೊಂಬತ್ತನೆಯ ವರ್ಷ ಐದರ ಹುಡುಗಿಯೊಬ್ಬಳು ಬಂದಳು. ಹನ್ನೊಂದು ತಿಂಗಳು ಪ್ರತಿ ಮಂಗಳವಾರ ಎರಡು ಬಸ್ಸು ಬದಲಿಸಿ ತಾಯಿ ಕರೆತಂದರೂ ಅವಳು ತುಟಿಪಿಟಕ್ಕೆನ್ನಲಿಲ್ಲ.

"ಒಬ್ಬಳೇ ಇದ್ದಾಗ ಏನೋ ಮಾತಾಡ್ಕೋತಾಳೆ ಮೇಡಂ," ಎಂದು ತಾಯಿ ಅಂದಾಗ, ಎಲ್ಲ ತಾಯಂದಿರೂ ಹೀಗೇ ಅನ್ನುತ್ತಾರೆಂದು ಮೇಡಂ ತಲೆಯಾಡಿಸಿ ಮರೆತರು. "ಮಾತು ಬರುವ ಲಕ್ಷಣವಿಲ್ಲ" ಎಂದು ವರದಿ ಬರೆದರು. ಅದನ್ನು ನೋಡಿ ಊರಿನ ಶಾಲೆ ಸೀಟು ಕೊಡಲಿಲ್ಲ. ಮಾತು ಬಾರದ ಮಕ್ಕಳ ದೂರದ ವಸತಿಶಾಲೆಗೆ ಕಳಿಸಬೇಕೆಂದಾಯಿತು.

ತಾಯಿ ವರದಿ ಹಿಡಿದು ಬಂದು ನಿಂತರು. "ಒಂದ್ಸಲ ಮನೇಲಿ ಕೇಳಿಸ್ಕೊಳ್ಳಿ. ಆಮೇಲೆ ಬೇಕಾದ್ರೆ ಕಳಿಸ್ತೀನಿ."

ಮೇಡಂ ಕಾಡಿನಲ್ಲಿ ಮರಕ್ಕೆ ಕಟ್ಟಿ ಬರುತ್ತಿದ್ದ ಹಳೆಯ ರೆಕಾರ್ಡರನ್ನು ಹುಡುಕಿ ಕೊಟ್ಟರು. ತಾಯಿ ಅದನ್ನು ಮಗುವಿನ ಕೋಣೆಯ ಬೀರುವಿನ ಮೇಲಿಟ್ಟರು. ಮೂವತ್ತು ಗಂಟೆ ಮೇಡಂ ಕೇಳಿದ್ದು ಪಾತ್ರೆ, ನಲ್ಲಿ, ಫ್ಯಾನಿನ ಸದ್ದು. ಕಣ್ಣು ಎಳೆಯುತ್ತಿದ್ದಾಗ ಹುಡುಗಿಯ ದನಿ ಬಂತು, ಗೊಂಬೆಗಳನ್ನು ಗದರುತ್ತಾ: "ನನ್ನ ಮುಖ ನೋಡು. ಹೇಳು. ಹೇಳೇ! ಅಯ್ಯೋ, ನನಗೂ ಸಾಕಾಗಿದೆ ಕಣಮ್ಮ."

ನಿಟ್ಟುಸಿರೂ ಸೇರಿ, ಅದು ಮೇಡಂ ಅವರದೇ ಮಾತು. ತಲೆಯ ಮೇಲೆ ಕೈಹೊತ್ತು ಕೂತರು. "ಕೋತಿಗೆ ಕೊಟ್ಟ ಮರ್ಯಾದೆ ಈ ಮಗೂಗೆ ಕೊಡ್ಲಿಲ್ವಲ್ಲೇ ನಾನು," ಎಂದು ಪಕ್ಕದಲ್ಲಿದ್ದ ಶಿಷ್ಯೆಗೆ ಹೇಳಿದರು.

"ವರದಿ ವಾಪಸ್ ತಗೊಂಡ್ರೆ ಹಳೇದನ್ನೆಲ್ಲ ಕೆದಕ್ತಾರೆ, ಸುಮ್ನಿರಿ," ಎಂದರು ಮೇಲಧಿಕಾರಿ.

"ಅವರ್ಯಾಕೆ, ನಾನೇ ಕೆದಕ್ತೀನಿ ಬಿಡಿ."

"ಮಗುವಿಗೆ ಮಾತು ಬರುತ್ತದೆ; ನನ್ನೆದುರು ಬರಲಿಲ್ಲ. ತಪ್ಪು ನನ್ನದು" ಎಂದು ಬರೆದು ಸಹಿ ಹಾಕಿದರು. ಹುಡುಗಿ ಊರಿನ ಶಾಲೆಗೇ ಸೇರಿದಳು. ಮೇಡಂಗೆ ಬರಬೇಕಿದ್ದ ಬಡ್ತಿ ತಪ್ಪಿತು. ಆಮೇಲಿನ ಮಂಗಳವಾರಗಳಲ್ಲಿ ಅವರು ಬೆನ್ನು ತಿರುಗಿಸಿ ನೆಲದ ಮೇಲೆ ಕೂತು, ಏನೂ ಕೇಳದೆ, ಹರಿದ ಚಿತ್ರಪುಸ್ತಕಗಳಿಗೆ ಅಂಟು ಹಚ್ಚಿದರು. ಏಳನೆಯ ವಾರ ಹಿಂದಿನಿಂದ ಸಣ್ಣ ದನಿ ಬಂತು. "ಸುಸ್ತಾಯ್ತಾ?"

ಮೇಡಂ ತಿರುಗಲಿಲ್ಲ. "ಹೂಂ ಕಣೆ, ತುಂಬಾ."

"ಕೊಡಿ, ನಾನು ಅಂಟಿಸ್ತೀನಿ."

ಹಾಗೆಂದು ಅಲ್ಲಿಗೆ ದಣಿವು ಇಳಿಯಲಿಲ್ಲ. "ಮಾತು ಬರುವ ಲಕ್ಷಣವಿಲ್ಲ" ಎಂದು ಅದೇ ಪದಗಳಲ್ಲಿ ಬರೆದ ಹಳೆಯ ವರದಿಗಳು ಇಪ್ಪತ್ತಮೂರಿದ್ದವು. ಹನ್ನೆರಡು ವರ್ಷಗಳಿಂದ, ರಜೆಯ ದಿನಗಳಲ್ಲಿ, ಕುಂಟುತ್ತಾ ಮನೆಮನೆ ಹುಡುಕಿ ಆ ಮಕ್ಕಳನ್ನು ಮತ್ತೆ ಕೇಳಿಸಿಕೊಳ್ಳುತ್ತಾ ಬಂದಿದ್ದಾರೆ. ನಾಲ್ವರಿಗೆ ಮಾತಿತ್ತು. ಅವರು ಈಗ ಬೆಳೆದಿದ್ದಾರೆ. ಮತ್ತೊಬ್ಬ ಮೇಡಂಗೆ ಬಾಗಿಲನ್ನೇ ತೆರೆಯಲಿಲ್ಲ.

ಇಬ್ಬರ ವಿಳಾಸ ಇನ್ನೂ ಸಿಕ್ಕಿಲ್ಲ. ನಿವೃತ್ತಿಯ ಮಾರನೆಯ ದಿನದಿಂದ ಹುಡುಕಲು ಹೊರಡುತ್ತಾರಂತೆ, ಬೇಡವೆಂದರೆ ಕೇಳುವವರಲ್ಲ. ಮೊದಲು ನಾಲ್ಕು ದಿನ ಅವರಿಗೆ ಕಣ್ತುಂಬ ನಿದ್ದೆ ಬರಲಿ. ಆಮೇಲೆ, ಆ ಇಬ್ಬರೂ ಸಿಗುವಷ್ಟು ಆಯಸ್ಸು ಅವರಿಗಿರಲಿ.