ನೂಲಿನ ಯಂತ್ರದ ಮೇಲಿನ ಮನೆ

ಶಿಡ್ಲಘಟ್ಟದಲ್ಲಿ ನಾವು ಬಾಡಿಗೆಗಿರುವ ಮನೆಯ ಕೆಳಗೆ ರೇಷ್ಮೆ ನೂಲು ಬಿಚ್ಚುವ ಘಟಕವಿದೆ. ಬೆಳಗಾಗುತ್ತಿದ್ದಂತೆ ಯಂತ್ರಗಳು ಶುರುವಾಗುತ್ತವೆ. ಬೇಯುವ ರೇಷ್ಮೆಗೂಡಿನ ವಾಸನೆ ಮೆಟ್ಟಿಲು ಹತ್ತಿ ನೇರ ಅಡುಗೆಮನೆಗೇ ಬರುತ್ತದೆ. ಮದುವೆಯಾಗಿ ಬಂದ ಹೊಸದರಲ್ಲೂ ಅದು ನನಗೆ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಸತ್ತ ಹುಳದ ನಾತ. ಗಂಡನ ಕಚೇರಿಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಇಲ್ಲೇ ಉಳಿದೆವು.

ಮಗಳಿಗೆ ಎಂಟು ವರ್ಷ. ಬೆಳಿಗ್ಗೆ ಸ್ಕೂಲಿಗೆ ಹೊರಡಿಸುವುದೇ ನಮ್ಮ ಮನೆಯ ದೊಡ್ಡ ಜಗಳವಾಗಿತ್ತು. ಯೂನಿಫಾರಂ ಮುಂದೆ ಇಟ್ಟರೂ ಒಂದು ಕಾಲುಚೀಲ ಕೈಯಲ್ಲಿ ಹಿಡಿದು ರೂಮಿನ ನಡುವೆ ನಿಂತುಬಿಡುತ್ತಿದ್ದಳು. ಕಾಲರಿನ ಒಳಗಿನ ಲೇಬಲ್ಲು ಕತ್ತರಿಸಿ ತೆಗೆಯದಿದ್ದರೆ ಕುತ್ತಿಗೆ ಕೆರೆದು ಗಾಯ ಮಾಡಿಕೊಳ್ಳುತ್ತಿದ್ದಳು. ನಾನು ಮಲ್ಲಿಗೆ ಮುಡಿದರೆ ಹತ್ತಿರ ಬರುತ್ತಿರಲಿಲ್ಲ. ಒಂದು ದಿನ ನಾನು ಕಿರುಚಿದಾಗ ಅಳುತ್ತಾ ಹೇಳಿದಳು, "ಹಾಕ್ಕೊಳೋದು ಗೊತ್ತು ಕಣಮ್ಮಾ. ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗ್ತಾ ಇಲ್ಲ."

ಆಟಿಸಂ ಇದೆ, ಜೊತೆಗೆ ಎಡಿಎಚ್‌ಡಿಯೂ ಇದೆ ಎಂದರು ಚಿಕ್ಕಬಳ್ಳಾಪುರದ ಡಾಕ್ಟರು. "ನಮಗೆ ಸುತ್ತಲಿನ ಸದ್ದು ಕೇಳಿಯೂ ಕೇಳದ ಹಾಗೆ ಬಿಟ್ಟುಬಿಡೋದಕ್ಕೆ ಬರತ್ತೆ. ಈ ಮಗೂಗೆ ಎಲ್ಲಾ ಒಟ್ಟಿಗೇ ನುಗ್ಗತ್ತೆ. ಮನೇಲಿ ಸದ್ದು ಕಡಿಮೆ ಮಾಡಿ ನೋಡಿ," ಎಂದರು.

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅಂದು ಸಂಜೆಯೇ ಗಂಡನಿಗೆ ಹೇಳಿದೆ, "ರೀ, ಯಂತ್ರದ ಮೇಲೆ ಮನೆ ಮಾಡ್ಕೊಂಡು ಸದ್ದು ಕಡಿಮೆ ಎಲ್ಲಿ ಮಾಡಣ? ಇವಳ್ನ ಕರ್ಕೊಂಡು ನಗರಗೆರೆಗೆ, ಅಮ್ಮನ ಮನೆಗೆ ಹೋಗ್ತೀನಿ. ನೀವು ಅಷ್ಟರಲ್ಲಿ ಬೇರೆ ಮನೆ ನೋಡಿ." ಹೇಳಿದ್ದು ಮಗಳಿಗಾಗಿ. ಆದರೆ ಬಟ್ಟೆ ಮಡಚಿ ಬ್ಯಾಗಿಗೆ ತುಂಬುವಾಗ ಎಷ್ಟೋ ವರ್ಷದಿಂದ ಬಿಗಿಹಿಡಿದಿದ್ದ ಉಸಿರು ನನ್ನ ಎದೆಯಿಂದ ಇಳಿಯುತ್ತಿತ್ತು.

ನಗರಗೆರೆಯಲ್ಲಿ ನನ್ನ ತವರುಮನೆ ಹೊಲದ ಅಂಚಿಗಿದೆ. ಮೊದಲ ದಿನ ಅಂಗಳದಲ್ಲಿ ಕೂತು ಹೊಟ್ಟೆ ತುಂಬಾ ಗಾಳಿ ಕುಡಿದೆ. ಮಾರನೇ ದಿನ ಕುಕ್ಕರು ಕೂಗಿತು, ನಾಯಿ ಬೊಗಳಿತು, ಪಕ್ಕದ ಮನೆಯವರು ಗೋಡೆಯಾಚೆಯಿಂದ ಅಮ್ಮನನ್ನು ಕರೆದರು. ನಮಗೆ ಅದು ನಿಶ್ಶಬ್ದವೇ. ಮಗಳಿಗೆ ಒಂದೊಂದೂ ಕಲ್ಲಿನ ಹಾಗೆ ಬಂದು ಬಿತ್ತು. ಮಂಚದ ಕೆಳಗೆ ಹೋಗಿ ಸೇರಿಕೊಂಡವಳು ಊಟಕ್ಕೂ ಈಚೆಗೆ ಬರಲಿಲ್ಲ.

"ಅಯ್ಯೋ ದೇವುಡಾ, ಏನೇ ಇದು?" ಎಂದು ಅಮ್ಮ ನನ್ನನ್ನು ಕೇಳಿ, ಬಗ್ಗಿ ತನ್ನ ತೆಲುಗು ಬೆರೆತ ಮಾತಿನಲ್ಲಿ ಮೊಮ್ಮಗಳನ್ನು ಕರೆದಳು. "ರಾ ತಲ್ಲೀ, ಅಜ್ಜಿ ಹತ್ರ ಬಾಮ್ಮಾ."

ಅವಳು ಇನ್ನೂ ಒಳಕ್ಕೆ ಸರಿದಳು. ನಾನು ಮಂಚದ ಪಕ್ಕ ನೆಲದ ಮೇಲೆ ಮಲಗಿದೆ. ಒಳಗಿಂದ ಒಂದೇ ಸಮನೆ ಮ್ ಮ್ ಎಂಬ ಸ್ವರ ಬರುತ್ತಿತ್ತು.

"ಏನದು ಹಾಡು, ಚಿನ್ನಾ?"

"ಹಾಡಲ್ಲ. ನಮ್ಮನೆ ಸದ್ದು. ಅದಿದ್ರೆ ಬೇರೆ ಸದ್ದು ಒಳಗೆ ಬರಲ್ಲ."

ಕೇಳಿದ ಕೂಡಲೇ ನನಗೆ ಅರ್ಥವಾಯಿತು. ಅರ್ಥವಾಗದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಗಂಡನಿಗೆ ಫೋನು ಮಾಡಿದೆ. ಅವರು ಮೊಬೈಲಿನಲ್ಲಿ ಯಂತ್ರದ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದರು. ಮಂಚದ ಕೆಳಗೆ ಫೋನು ಹಿಡಿದೆ. ಅವಳು ಸ್ವಲ್ಪ ಹೊತ್ತು ಕೇಳಿ ಅದನ್ನು ಆಚೆಗೆ ತಳ್ಳಿದಳು. "ಇದು ಸುಳ್ಳು. ನೆಲ ನಡುಗ್ತಾ ಇಲ್ಲ."

ಆ ವಾರವೇ ವಾಪಸ್ಸು ಹೊರಟೆವು. ಬಸ್ಸಿನಲ್ಲಿ ಅವಳ ಎರಡೂ ಕಿವಿಯನ್ನು ನನ್ನ ಅಂಗೈಯಿಂದ ಮುಚ್ಚಿ ಕೂತಿದ್ದೆ. ಮನೆ ಬಾಗಿಲು ತೆಗೆದ ತಕ್ಷಣ ಅವಳು ಚಪ್ಪಲಿಯನ್ನೂ ಬಿಡದೆ ನೆಲಕ್ಕೆ ಕೆನ್ನೆ ಒತ್ತಿ ಮಲಗಿದಳು. ಕಲ್ಲಿನ ಹಾಸಿನಲ್ಲಿ ಸಣ್ಣಗೆ ನಡುಕವಿತ್ತು. ಅವಳ ಬಿಗಿದ ಮುಷ್ಟಿ ನಿಧಾನವಾಗಿ ಬಿಚ್ಚಿಕೊಂಡಿತು. ನಾನು ಸೆರಗು ಮೂಗಿಗೆ ಹಿಡಿದು ಅಡುಗೆಮನೆಯಲ್ಲಿ ನಿಂತೆ. ಅವಳಿಗೆ ಮನೆಯಾಗಿದ್ದುದು ನನಗೆ ಮುಚ್ಚಿದ ಡಬ್ಬಿಯಾಗಿತ್ತು. ಇಬ್ಬರಿಗೂ ಇರುವುದು ಅದೊಂದೇ ಮನೆ.

ಮನೆಯ ಮಾಲೀಕರ ಹೆಂಡತಿ ಮೇಲೆ ಬಂದರು. ಘಟಕ ನಡೆಸುವವರೂ ಅವರೇ. ಅವರ ಮನೆಮಾತು ಉರ್ದು, ನಮ್ಮ ಹತ್ತಿರ ಕನ್ನಡ.

"ಏನಮ್ಮಾ, ಇಷ್ಟು ಬೇಗ ಬಂದ್ಬಿಟ್ರಿ? ಮಗೂಗೆ ಮಿಷಿನ್ ಸದ್ದು ಆಗಲ್ಲ ಅಂದಿದ್ರಿ?"

ನಡೆದದ್ದನ್ನು ಹೇಳಿದೆ. ಅವರು ನಕ್ಕರು. ನೆಲದ ಮೇಲೆ ಮಲಗಿದ್ದವಳನ್ನು ನೋಡಿ ದನಿ ತಗ್ಗಿಸಿದರು. "ಕರೆಂಟ್ ಹೋದ್ರೆ ಅದು ನಮ್ಮ ಕೈಲಿಲ್ಲ. ನಾವಾಗೇ ಮಿಷಿನ್ ನಿಲ್ಸೋವಾಗ ಮೊದ್ಲೇ ಕೂಗಿ ಹೇಳ್ತೀನಿ, ಬಿಡಿ," ಎಂದರು. ಅವತ್ತಿನಿಂದ ಹೇಳುತ್ತಲೂ ಇದ್ದಾರೆ.

ಗಂಡ ಅಷ್ಟರಲ್ಲಿ ಬೇರೆ ಮನೆ ನೋಡಿದ್ದರು. ನಾಲ್ಕೂ ಕಡೆ ಕಿಟಕಿ, ಮುಂದೆ ಬೇವಿನ ಮರ. ಒಮ್ಮೆ ಹೋಗಿ ನೋಡಿಬಂದೆ. ವಾಪಸ್ಸು ಬರುವ ದಾರಿಯಲ್ಲಿ, "ಬೇಡ ಅಂತ ಹೇಳ್ಬಿಡಿ," ಎಂದೆ. ಅವರು ಯಾಕೆ ಎಂದು ಕೇಳಲಿಲ್ಲ. ಅಲ್ಲೇ ನಿಂತು ಆ ಮನೆಯವರಿಗೆ ಫೋನು ಮಾಡಿದರು.

ಈಗ ಬೆಳಿಗ್ಗೆ "ಬೇಗ ರೆಡಿಯಾಗು" ಎಂಬ ಮಾತು ನಮ್ಮ ಮನೆಯಲ್ಲಿಲ್ಲ. ನಡುಗುವ ನೆಲದ ಮೇಲೆ ಅವಳು ಕೂರುತ್ತಾಳೆ. ನಾನು ಒಂದೊಂದೇ ಬಟ್ಟೆ ಕೈಗೆ ಕೊಡುತ್ತೇನೆ. ಒಂದು ಹಾಕಿಕೊಂಡ ಮೇಲೆ ಇನ್ನೊಂದು. ಕೆಲವು ದಿನ ಸ್ಕೂಲಿಗೆ ಹೋಗುತ್ತಾಳೆ, ಕೆಲವು ದಿನ ಆಗುವುದಿಲ್ಲ. ನಡುವೆ ಎರಡು ನಿಮಿಷ ಸಿಕ್ಕರೆ ನಾನು ತಾರಸಿಗೆ ಓಡುತ್ತೇನೆ. ಅಲ್ಲಿಗೂ ವಾಸನೆ ಬರುತ್ತದೆ, ಆದರೂ ಆಕಾಶವಿದೆ.

"ಅಮ್ಮಾ, ಆಮೇಲೆ ಏನು?" ಎಂದು ಒಳಗಿಂದ ಕೂಗುತ್ತಾಳೆ.

"ಬಂದೆ ಕಣಮ್ಮಾ," ಎನ್ನುತ್ತೇನೆ. ಇಳಿದು ಹೋಗಿ ಅವಳ ಕೈಗೆ ಬಾಚಣಿಗೆ ಕೊಡುತ್ತೇನೆ.