ಬಾಷಾ ಸಾಬರನ್ನು ವಾಪಸು ಕಳಿಸಿದ್ದು

ಕೊಯಮತ್ತೂರಿನ ಸಮುದಾಯ ಕಾಲೇಜಿನಲ್ಲಿ ನನ್ನ ಮೊದಲ ಪಾಠದ ದಿನ ಹಿಂದಿನ ಬೆಂಚಿನಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ಸೆರಗಿನ ತುಂಬ ಗ್ರೀಸಿನ ಕಲೆ. ಯಾರದೋ ಅಜ್ಜಿ ಇರಬೇಕೆಂದುಕೊಂಡೆ. ಪಾಠ ಮುಗಿದ ಮೇಲೆ ಎದ್ದು ಬಂದು, "ವಾಂಗ ಟೀಚರ್, ಪಟ್ಟರೈ ನೋಡೋಣ" ಎಂದು ಕರೆದರು. ವಾಂಗ ಎಂದರೆ ಬನ್ನಿ. ಪಟ್ಟರೈ ಎಂದರೆ ವರ್ಕ್‌ಶಾಪು. ಅವರೇ ಸೆಲ್ವಿಯಮ್ಮ, ನೀರಿನ ಪಂಪು ತಯಾರಿಸುವ ಪಟ್ಟರೈಯ ಒಡತಿ. ನಾನು ಏನು ಕಲಿಸುತ್ತೇನೆಂದು ನೋಡಲು ಬಂದಿದ್ದರು!

ಇಲ್ಲಿ ಮಕ್ಕಳಿಗೆ ವಾರದಲ್ಲಿ ಮೂರು ದಿನ ತರಗತಿ, ಮೂರು ದಿನ ಪಟ್ಟರೈ. ಕಾಲೇಜಿಗೆ ಲೋಹ ಕಡೆಯುವ ಲೇತ್ ಯಂತ್ರ ಕೊಟ್ಟವರೂ ಸೆಲ್ವಿಯಮ್ಮನೇ, ಕಲಿತವರಿಗೆ ಕೆಲಸ ಕೊಡುವವರೂ ಅವರೇ. ಅದನ್ನು ಕಂಡ ದಿನ ನನಗೆ ಬಾಷಾ ಸಾಬರು ನೆನಪಾದರು.

ನಾನು ಕೊಡಿಗೇನಹಳ್ಳಿಯವಳು. ಗಂಡನಿಗೆ ವರ್ಗವಾಗಿ ಇಲ್ಲಿಗೆ ಬರುವ ಮೊದಲು ನಮ್ಮ ಕಡೆಯ ಸಣ್ಣದೊಂದು ತಾಂತ್ರಿಕ ಕಾಲೇಜಿನಲ್ಲಿ ಹನ್ನೊಂದು ವರ್ಷ ಲೇತ್ ಕೆಲಸ ಕಲಿಸಿದ್ದೆ. ಒಮ್ಮೆ ಶಿರಾದಿಂದ ಬಾಷಾ ಸಾಬರು ಹುಡುಕಿಕೊಂಡು ಬಂದರು. ಕಡಲೆಕಾಯಿ ಸುಲಿಯುವ ಯಂತ್ರ ಮಾಡುತ್ತಿದ್ದವರು.

"ನಿಮ್ ಮಕ್ಕಳ್ನ ವಾರಕ್ಕೆ ಎರಡ್ ದಿನ ಕಳ್ಸಿ ಮೇಡಂ. ನಂಗೂ ಜನ ಸಿಕ್ತಾರೆ, ಅವ್ರಿಗೂ ಕೆಲ್ಸ ಬತ್ತದೆ."

"ಸಿಲಬಸ್ಸಿನಲ್ಲಿಲ್ಲ ಸಾಬ್ರೆ" ಎಂದೆ. ಪ್ರಿನ್ಸಿಪಾಲರನ್ನು ಒಂದು ಮಾತೂ ಕೇಳಲಿಲ್ಲ. ಸಾಬರಿಗೆ ಕೂರಿ ಎಂದೂ ಹೇಳಲಿಲ್ಲ.

ತರಗತಿಯಲ್ಲಿ ಕೂತಿದ್ದ ಪಾವಗಡ ಕಡೆಯ ಹುಡುಗಿ ಲಕ್ಷ್ಮೀದೇವಿ, "ನಾನ್ ಹೋಯ್ತೀನಿ ಮೇಡಂ" ಎಂದು ಎದ್ದು ನಿಂತಳು. ಗದರಿಸಿ ಕೂರಿಸಿದೆ. ಲೇತ್ ಮೇಲೆ ಅವಳ ಕೈ ನನ್ನದಕ್ಕಿಂತ ಚೆನ್ನಾಗಿ ಓಡುತ್ತಿತ್ತು. ಈಗ ಮಧುಗಿರಿಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸುತ್ತಾಳಂತೆ.

ಇಲ್ಲಿ ಮುದ್ದೆಗೆ ಕಳಿ ಎನ್ನುತ್ತಾರೆ. ಬಾಡಿಗೆ ಮನೆ ಸಿಕ್ಕಿತು, ತಮಿಳು ಅರ್ಧಂಬರ್ಧ ಬಂತು, ತರಕಾರಿಯವಳ ಹತ್ತಿರ ಚೌಕಾಸಿ ಮಾಡಿ ಗೆದ್ದೂ ಬಂದೆ. ಆದರೆ ಸಾಬರನ್ನು ವಾಪಸು ಕಳಿಸಿದ್ದನ್ನು ಹೇಳಿಕೊಳ್ಳಲು ಯಾರಿದ್ದಾರೆ? ಹೋದ ತಿಂಗಳು ತಡೆಯಲಾರದೆ ಬಾಷಾ ಸಾಬರಿಗೇ ಫೋನ್ ಮಾಡಿದೆ.

"ಶೆಡ್ಡು ಮುಚ್ಬುಟ್ಟೆ ಕಣಮ್ಮ. ಕೆಲ್ಸ ಗೊತ್ತಿರೋರು ಸಿಗ್ಲಿಲ್ಲ."

"ಅವತ್ತು ನಂದು ತಪ್ಪಾಯ್ತು ಸಾಬ್ರೆ."

"ಆಗೋಯ್ತು ಬುಡಿ. ನೀವ್ ಹೆಂಗಿದೀರಾ? ಊಟಗೀಟ ಸರಿಹೋಯ್ತಾ ಅಲ್ಲಿ?"

ಬಯ್ದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಮೊನ್ನೆ ಸೆಲ್ವಿಯಮ್ಮ ಟೀ ಕೊಡುತ್ತಾ, "ನಿಮ್ಮೂರಲ್ಲೂ ಕಾಲೇಜು, ಪಟ್ಟರೈ ಹೀಗೇ ಕೂಡಿ ನಡೆಯುತ್ತವಾ?" ಎಂದು ಕೇಳಿದರು. ಊರನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. "ಹೌದಮ್ಮ, ಇನ್ನೂ ಚೆನ್ನಾಗಿ" ಎಂದುಬಿಟ್ಟೆ.

ಅವರು ನಂಬಿದರು. "ಹಾಗಾದರೆ ನೀವು ಕಲಿಸಿದ ಮಕ್ಕಳೆಲ್ಲ ಅಲ್ಲೇ ಕೆಲಸದಲ್ಲಿ ಇರಬೇಕು, ಅಲ್ಲವಾ?" ಎಂದು ಸಂತೋಷದಿಂದ ಕೇಳಿದರು.

ಲಕ್ಷ್ಮೀದೇವಿ ಮಡಿಸುವ ಸೀರೆಗಳು ಕಣ್ಣ ಮುಂದೆ ಬಂದವು; ನಾನು ಟೀ ಲೋಟ ತೊಳೆಯಲು ಎದ್ದೆ.