ಅಂಗಳದಲ್ಲಿ ಹಾಡುವ ಬೈಕು

ಪೆಟ್ರೋಲೂ ಎಣ್ಣೆಯೂ ಒಟ್ಟಿಗೆ ಸುಟ್ಟ ವಾಸನೆ ಬಂತೆಂದರೆ ನಮ್ಮ ಭಾವನವರು ಹತ್ತಿರದಲ್ಲೆಲ್ಲೋ ಜ್ಞಾನ ಹಂಚುತ್ತಿದ್ದಾರೆಂದೇ ಅರ್ಥ. ಇವತ್ತು ಬೆಳಿಗ್ಗೆ ಚಿತ್ತಾಕುಲದಲ್ಲಿ ಅಕ್ಕನ ಮನೆಯ ಜಗಲಿಯ ಮೇಲೆ ಚಹಾ ಕುಡಿಯುತ್ತಿದ್ದಾಗ ಅದು ಮೂಗಿಗೆ ಬಡಿಯಿತು. ಅಂಗಳದಲ್ಲಿ ಪಕ್ಕದ ಮನೆಯ ಗಣಪತಿಯ ಹಳೆಯ ಟೂ-ಸ್ಟ್ರೋಕ್ ಬೈಕು. ಅದರ ಪಕ್ಕ ಕುಕ್ಕರಗಾಲಿನಲ್ಲಿ ಭಾವ, ಕೈಯಲ್ಲಿ ಸ್ಕ್ರೂಡ್ರೈವರ್.

"ಕೇಳ್ರಾ ಗಣಪತಿ, ಎಂಥಾ ಸ್ವರ! ಹಾರ್ಮೋನಿಯಂ ಇದ್ದಂಗೆ ಅದೆ. ಇನ್ನ ಮೈಲೇಜಿನ ಚಿಂತೆನೇ ಬ್ಯಾಡ."

ನನಗೆ ಬೈಕಿನ ಜ್ಞಾನ ಅಷ್ಟಕ್ಕಷ್ಟೆ. ನನ್ನ ಸ್ಕೂಟರು ನನ್ನ ಹಾಗೆಯೇ, ಎಷ್ಟು ತಿರುವಿದರೂ ಒಂದೇ ವೇಗ. ಆದರೆ ಒಮ್ಮೆ ಹೆದರಿದವನು ಕೆಲವನ್ನು ಕೇಳಿ ತಿಳಿದುಕೊಳ್ಳುತ್ತಾನೆ. ನೋಡಿ, ಹಳೆಯ ಬೈಕಿನಲ್ಲಿ ಥ್ರಾಟಲ್ ತಿರುವಿದಂತೆ ಕಾರ್ಬ್ಯುರೇಟರಿನೊಳಗೊಂದು ಬಾಗಿಲು ಮೇಲೇಳುತ್ತದೆ. ತುಸುವೇ ತೆರೆದಾಗ ಹೊರಗಿನ ತಿರುಪಿನ ಮಾತು ನಡೆಯುತ್ತದೆ. ಅರ್ಧದಲ್ಲಿ ಒಂದು ಸೂಜಿಯ ಕಾರುಬಾರು. ಪೂರ್ತಿ ತೆರೆದಾಗ ತಳದಲ್ಲಿರುವ ಜೆಟ್ ಎಂಬ ಹಿತ್ತಾಳೆ ತುಣುಕಿನ ತೂತು ಎಷ್ಟು ಪೆಟ್ರೋಲು ಬಿಡುತ್ತದೋ ಅಷ್ಟೇ. ಭಾವನವರ ಮೈಲೇಜ್ ಮಂತ್ರವೆಂದರೆ ಆ ಜೆಟ್ಟನ್ನು ತೆಗೆದು ಇನ್ನೂ ಸಣ್ಣ ತೂತಿನದನ್ನು ಹಾಕುವುದು. ಪೂರ್ತಿ ತಿರುವದೆ, ನಿಂತ ಬೈಕಿನಲ್ಲಿ ಇದರ ಸುಳಿವೇ ಹತ್ತುವುದಿಲ್ಲ. ಅಂಗಳದಲ್ಲಿ ಎಲ್ಲರೂ ತಲೆದೂಗುತ್ತಾರೆ.

ಅಕ್ಕನ ಮದುವೆಯ ಹೊಸತರಲ್ಲಿ ಭಾವನವರ ಬೈಕೂ ಹೀಗೆಯೇ ಹಾಡಿತ್ತು. ಅಕ್ಕನನ್ನು ಹಿಂದೆ ಕೂರಿಸಿಕೊಂಡು ಮಂಜಗುಣಿಗೆ ಹೊರಟರು. ಹಿಂದೆ ಸ್ಕೂಟರಿನಲ್ಲಿ ನಾನು. ಅವರ್ಸಾ ದಾಟಿದ ಮೇಲೆ ರಸ್ತೆ ನೇರವಾಯಿತು. ಭಾವ ಕತ್ತು ತಿರುಗಿಸಿ, "ಬಾರಾ ತಮಾ! ನಿಂದು ಸ್ಕೂಟರೋ, ರುಬ್ಬೂ ಕಲ್ಲೋ?" ಎಂದು ಕೂಗಿ ಥ್ರಾಟಲನ್ನು ಪೂರ್ತಿ ತಿರುವಿದರು.

ಕಂಡಷ್ಟನ್ನೇ ಹೇಳುತ್ತೇನೆ. ಬೈಕು ಚಿಮ್ಮಿತು. ಸ್ವಲ್ಪ ದೂರದಲ್ಲಿ ಅದರ ಸದ್ದು ತೆಳ್ಳಗಾಯಿತು. ಒಂದು ಮೀನಿನ ಲಾರಿ ನನ್ನನ್ನು ದಾಟಿ ಮುಂದೆ ಹೋಯಿತು. ಆಮೇಲೆ ಬೈಕಿನ ಸದ್ದೇ ಇಲ್ಲ. ಹಿಂದಿನ ಚಕ್ರ ತಿರುಗುವುದನ್ನು ಬಿಟ್ಟು ರಸ್ತೆಯನ್ನು ಉಜ್ಜತೊಡಗಿತು. ಅಕ್ಕನ ಹಸಿರು ಸೆರಗು ಕಂಡಿತು. ಮರುಕ್ಷಣ ಲಾರಿಯ ಹಿಂಭಾಗ ಮಾತ್ರ ಕಂಡಿತು. ಲಾರಿ ಬಲಕ್ಕೆ ಎಳೆದುಕೊಂಡು ಮರಳಿಗಿಳಿದು ನಿಂತಾಗ ಅಕ್ಕ ರಸ್ತೆಯಲ್ಲಿ ಕೂತಿದ್ದಳು, ತನ್ನ ಎಡ ಮೊಣಕೈಯನ್ನು ಯಾರದೋ ವಸ್ತುವಿನಂತೆ ಹಿಡಿದುಕೊಂಡು. ಆ ಕೈ ಇವತ್ತಿಗೂ ನೆಟ್ಟಗಾಗುವುದಿಲ್ಲ.

ಆ ಸಣ್ಣ ತೂತಿನಿಂದ ಪೆಟ್ರೋಲು ಸಾಲದೆ, ಅದರೊಡನೆ ಬರುವ ಎಣ್ಣೆಯೂ ಸಾಲದೆ, ಪಿಸ್ಟನ್ ಕಾದು ಕಚ್ಚಿಕೊಂಡಿತ್ತು. ಭಾವನವರು ಆಸ್ಪತ್ರೆಯಲ್ಲಿ ಅಕ್ಕನಿಗೆಂದು ತಂದ ಕಿತ್ತಳೆಯನ್ನು ತಾವೇ ತಿನ್ನುತ್ತ ತೀರ್ಪು ಕೊಟ್ಟರು: "ಪೆಟ್ರೋಲೇ ಸಮಾ ಇರ್ಲಿಲ್ಲ. ನಾ ಎಂತ ಮಾಡೂದು?"

ದಡ್ಡರೆಂದು ಕ್ಷಮಿಸಿಬಿಟ್ಟೆ. ನಮ್ಮ ಮನೆತನದಲ್ಲಿ ದಡ್ಡತನಕ್ಕೆ ಮೊದಲಿನಿಂದಲೂ ಮರ್ಯಾದೆಯಿದೆ.

ಇವತ್ತು ಗಣಪತಿ ಬೈಕು ಹತ್ತಿದ. ಅಂಕೋಲೆಯ ತವರಿಗೆ ಹೊರಟಿದ್ದ ಅವನ ಹೆಂಡತಿ ಸುಮಾ ಹಿಂದೆ ಕೂರಲು ಕಾಲೆತ್ತಿದಳು. ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಂದಳು.

"ತಂಗಿ, ನೀ ಹತ್ಬೇಡ. ಇವ್ರು ಕೂತ್ಕಳ್ಲಿ ಹಿಂದೆ. ಅವರ್ಸಾ ರೋಡಲ್ಲಿ ಗಣಪತಿ ಪೂರ್ತಿ ತಿರುವ್ಲಿ, ಇವ್ರು ಸ್ವರ ಕೇಳ್ಕಂಡು ಬರ್ಲಿ."

ಗಣಪತಿ ನಕ್ಕ. ಭಾವ ನಗಲಿಲ್ಲ. "ನಂಗೆ ಇವತ್ತು ಹೊಟ್ಟಿ ಸಮಾ ಇಲ್ಲ" ಎಂದರು. ಅಕ್ಕ ಆ ಸೊಟ್ಟಗೈಯನ್ನು ಸೊಂಟಕ್ಕಿಟ್ಟು ನಿಂತೇ ಇದ್ದಳು.

ಭಾವ ಮತ್ತೆ ಕುಕ್ಕರಗಾಲಿನಲ್ಲಿ ಕೂತರು. ಯಾರೂ ಹೇಳದೆ ಕಾರ್ಬ್ಯುರೇಟರಿನ ತಳ ಬಿಚ್ಚಿದರು. ಅಂಗಿಯ ಜೇಬಿನಿಂದ ಗಣಪತಿಯ ಬೈಕಿನ ಹಳೆಯ, ದೊಡ್ಡ ತೂತಿನ ಜೆಟ್ಟನ್ನು ತೆಗೆದು ಅದರ ಜಾಗಕ್ಕೆ ಕೂರಿಸಿದರು. ಬೆರಳುಗಳಿಗೆ ಒಂದಿಷ್ಟೂ ಅನುಮಾನವಿರಲಿಲ್ಲ.

ನನ್ನ ಚಹಾ ಆರಿಹೋಗಿತ್ತು. ಇಷ್ಟು ವರ್ಷ ನಾನು ಅವರನ್ನು ದಡ್ಡರೆಂದೇ ತಿಳಿದಿದ್ದೆ.